ಅಂಗಸಮತೆಯೂ ಲಿಂಗಾರ್ಪಣವೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಂಗಲ ಸಮಯದಲ್ಲಿ ಧರ್ಮಕ್ಕೂ ಆರೋಗ್ಯಕ್ಕೂ ಇರುವ ಸಂಬಂಧವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಸನ್ನಿಧಿಯ ಅಪ್ಪಣೆಯಾಗಿದೆ. ವಿಷಯವು ಹಿರಿದು, ಕಾಲವು ಕಿರಿದು. ಆದುದರಿಂದ ಶಾಸ್ತ್ರವಿಸ್ತಾರಕ್ಕೆ ಕೈಹಾಕದೆ ಒಂದೇ ಒಂದು ಪ್ರಶ್ನೆಯನ್ನು ತಮ್ಮೆದುರಿಗಿಟ್ಟು ಅದನ್ನೇ ಹಿಡಿದು ನಡೆಯುವೆನು. ಆಯುರ್ವೇದವು ಹೇಳುವ ದೇಹದ ಸಮತೆಗೂ ನಮ್ಮ ಹಿರಿಯರು ಬೋಧಿಸಿದ ಲಿಂಗಾರ್ಪಣಕ್ಕೂ ನಂಟುಂಟೆ? ಉಂಟಾದರೆ ನಮ್ಮ ದಿನದಿನದ ಊಟ, ನಿದ್ರೆ, ದುಡಿಮೆಗಳಲ್ಲಿ ಆ ನಂಟು ಯಾವ ಬಗೆಯಾಗಿ ಕಾಣಿಸಿಕೊಳ್ಳಬೇಕು? ಪ್ರಶ್ನೆ ಇಷ್ಟೇ.

ಈ ಪ್ರಶ್ನೆಯನ್ನು ಎತ್ತುವುದಕ್ಕೆ ಕಾರಣವಿದೆ. ಭಕ್ತಜನರಲ್ಲಿ ದೇಹವನ್ನು ಕುರಿತು ಎರಡು ಬಗೆಯ ಮಾತುಗಳು ಬಹುಕಾಲದಿಂದ ನಡೆದುಬಂದಿವೆ. ದೇಹವು ಮಲಮೂತ್ರಗಳ ಕೊಡ, ನಾಳೆ ಬಿದ್ದುಹೋಗತಕ್ಕದ್ದು. ಅದನ್ನು ಲಕ್ಷಿಸುವವನು ಆತ್ಮವನ್ನು ಮರೆತವನು ಎಂಬುದು ಒಂದು. ರೋಗವು ಕರ್ಮದಿಂದ ಬಂದುದು, ಹರಕೆಯಿಂದ ಹೋಗತಕ್ಕದ್ದು. ಶ್ರೀಮಠದ ವಿಭೂತಿಯಿರಲು ವೈದ್ಯನ ಹಂಗೇಕೆ ಎಂಬುದು ಮತ್ತೊಂದು. ಮೊದಲನೆಯದು ವೈರಾಗ್ಯದಂತೆ ತೋರುವುದು, ಎರಡನೆಯದು ಭಕ್ತಿಯಂತೆ ತೋರುವುದು. ಆದರೆ ಮೊದಲನೆಯದನ್ನು ನಂಬಿ ಉಪವಾಸ ಜಾಗರಣೆಗಳಿಂದ ದೇಹವನ್ನು ಸವೆಯಿಸಿಕೊಂಡವರೂ, ಎರಡನೆಯದನ್ನು ನಂಬಿ ಕೊಡತಕ್ಕ ಕಾಲದಲ್ಲಿ ಔಷಧವನ್ನು ಕೊಡದೆ ಎಳೆಯ ಮಕ್ಕಳನ್ನು ಕಳೆದುಕೊಂಡವರೂ ನಮ್ಮ ಹಳ್ಳಿಗಳಲ್ಲಿ ಇಲ್ಲದೆ ಇಲ್ಲ. ಧರ್ಮದ ಹೆಸರಿನಲ್ಲಿ ಪ್ರಾಣಹಾನಿಯಾಗುವುದಾದರೆ ಆ ಧರ್ಮವನ್ನು ನಾವು ಸರಿಯಾಗಿ ತಿಳಿದುಕೊಂಡಿಲ್ಲವೆಂದೇ ಹೇಳಬೇಕು.

ಮೊದಲು ಆಯುರ್ವೇದದ ಮತವನ್ನು ನೋಡೋಣ. ವಾತ, ಪಿತ್ತ, ಕಫಗಳೆಂಬ ಮೂರು ದೋಷಗಳ ಹೆಸರನ್ನು ಕೇಳದವರಿಲ್ಲ. ಚಲನೆಯೆಲ್ಲ ವಾತದ್ದು, ಕಾವು, ಪಚನಗಳು ಪಿತ್ತದ್ದು, ಅಂಟು, ತಂಪು, ದಾರ್ಢ್ಯಗಳು ಕಫದ್ದು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಇವುಗಳಿಗೆ ದೋಷಗಳೆಂದು ಹೆಸರಿದ್ದರೂ ಇವು ದೇಹಕ್ಕೆ ಹೊರಗಿನಿಂದ ನುಗ್ಗಿದ ಶತ್ರುಗಳಲ್ಲ. ತಮ್ಮ ತಮ್ಮ ಅಳತೆಯಲ್ಲಿದ್ದಾಗ ದೇಹವನ್ನು ಹೊತ್ತು ನಡೆಯಿಸತಕ್ಕವೂ ಇವೇ. ಅಳತೆ ತಪ್ಪಿದಾಗ ಕೆಡಿಸತಕ್ಕವೂ ಇವೇ. ಸುಶ್ರುತಾಚಾರ್ಯರು ಆರೋಗ್ಯವಂತನ ಲಕ್ಷಣವನ್ನು ಹೇಳುವಾಗ ದೋಷಗಳೂ ಜಠರಾಗ್ನಿಯೂ ಧಾತುಗಳೂ ಮಲವಿಸರ್ಜನೆಯ ಕ್ರಿಯೆಗಳೂ ಸಮವಾಗಿರಬೇಕೆಂದು ಹೇಳಿ, ಅಷ್ಟಕ್ಕೇ ನಿಲ್ಲದೆ, ಆತ್ಮ, ಇಂದ್ರಿಯ, ಮನಸ್ಸುಗಳು ತಿಳಿಯಾಗಿರಬೇಕೆಂದೂ ಸೇರಿಸಿದರು. ಉಂಡದ್ದು ಜೀರ್ಣವಾಗಿಯೂ ಮನಸ್ಸು ಕಲಕಿದ್ದರೆ ಅವನು ಸ್ವಸ್ಥನಲ್ಲವೆಂಬುದೇ ಇದರ ತಾತ್ಪರ್ಯವು. ವೈದ್ಯನು ಬರೆದ ಲಕ್ಷಣದಲ್ಲಿಯೇ ಗುರುವಿನ ಕೆಲಸಕ್ಕೂ ಎಡೆಯಿಟ್ಟಿರುವುದನ್ನು ನೋಡಿರಿ.

ಸಮತೆಯೆಂದರೇನೆಂಬುದನ್ನು ತಿಳಿಯುವುದಕ್ಕೆ ಸಿರುಗುಪ್ಪದ ಸೀಮೆಯ ರೈತರು ಗ್ರಂಥವನ್ನು ಬಿಚ್ಚಬೇಕಾದುದಿಲ್ಲ; ತಮ್ಮ ಹೊಲವನ್ನು ನೋಡಿದರೆ ಸಾಕು. 1953ರಲ್ಲಿ ತುಂಗಭದ್ರಾ ಜಲಾಶಯವು ಪೂರ್ಣವಾಗಿ ಈ ಬಯಲಿಗೆ ಕಾಲುವೆಯ ನೀರು ಹರಿದು ಬಂದಿತು. ಮಳೆಯ ಮುಖವನ್ನೇ ನೋಡುತ್ತಿದ್ದ ಎರೆಯ ನೆಲದಲ್ಲಿ ಬತ್ತವು ತೂಗಿತು. ಅದು ಈ ಸೀಮೆಗೆ ಒದಗಿದ ಭಾಗ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಲ್ಲೆಲ್ಲಿ ನೀರನ್ನು ಅಳತೆಯಿಲ್ಲದೆ ಕಟ್ಟಿ ನಿಲ್ಲಿಸಿದರೋ, ಬಸಿದುಹೋಗುವುದಕ್ಕೆ ದಾರಿ ಮಾಡಲಿಲ್ಲವೋ, ಅಲ್ಲಲ್ಲಿ ನೆಲದೊಳಗಿನ ನೀರು ಮೇಲೇರಿತು. ನೀರಿನೊಡನೆ ನೆಲದಾಳದ ಉಪ್ಪೂ ಮೇಲೇರಿತು. ನೀರು ಬಿಸಿಲಿಗೆ ಆರಿ, ಉಪ್ಪು ಮೇಲ್ಮಣ್ಣಿನಲ್ಲಿ ಬೆಳ್ಳಗೆ ಉಳಿಯಿತು. ನೆಲವು ಸವುಳಾಯಿತು. ಹಾಗಾದರೆ ನೀರು ದೋಷವೆ? ಅಲ್ಲ. ನೀರಿಲ್ಲದ ಹೊಲವೂ ಬಂಜರು, ನೀರು ನಿಂತ ಹೊಲವೂ ಬಂಜರು. ಅಂಥ ನೆಲಕ್ಕೆ ಬಲ್ಲವರು ಹೇಳುವ ಚಿಕಿತ್ಸೆಯು ಕಾಲುವೆಯನ್ನು ಒಡೆದುಬಿಡುವುದಲ್ಲ. ಬಸಿಗಾಲುವೆಯನ್ನು ತೆಗೆದು, ಕಟ್ಟುವ ನೀರನ್ನು ಮಿತಗೊಳಿಸುವುದು. ವಾತ ಪಿತ್ತ ಕಫಗಳ ವಿಷಯದಲ್ಲಿ ವೈದ್ಯನು ಮಾಡತಕ್ಕದ್ದೂ ಇದೇ. ದೇಹದಲ್ಲಿ ಸ್ರೋತಸ್ಸುಗಳೆಂಬ ಹರಿವಿನ ದಾರಿಗಳುಂಟೆಂದೂ ಅವು ಕಟ್ಟಿಕೊಂಡಲ್ಲಿ ರೋಗವು ಬೇರೂರುವುದೆಂದೂ ಚರಕಸಂಹಿತೆಯು ಹೇಳುವುದನ್ನು ಹೊಳೆಯ ದಡದವರಾದ ನಾವು ಬೇಗನೆ ಗ್ರಹಿಸಬಲ್ಲೆವು.

ಇನ್ನು ಅಳತೆಯು ತಪ್ಪುವುದು ಹೇಗೆ? ಋತುಗಳ ವ್ಯತ್ಯಾಸದಿಂದ ತಪ್ಪುವುದುಂಟು; ಇಂದ್ರಿಯಗಳಿಗೂ ವಿಷಯಗಳಿಗೂ ಕೂಟವು ಹೆಚ್ಚುಕಡಮೆಯಾಗಿ ತಪ್ಪುವುದುಂಟು. ಈ ಎರಡರೊಡನೆ ಚರಕರು ಮೂರನೆಯ ಕಾರಣವೊಂದನ್ನು ಹೇಳಿ ಅದಕ್ಕೆ ಪ್ರಜ್ಞಾಪರಾಧವೆಂದು ಹೆಸರಿಟ್ಟರು. ಒಳಿತು ಕೆಡಕುಗಳನ್ನು ತಿಳಿಯುವ ಬುದ್ಧಿ, ತಿಳಿದುದರಲ್ಲಿ ನಿಲ್ಲುವ ಧೃತಿ, ಹಿಂದೆ ಕಂಡುಂಡುದನ್ನು ನೆನೆಯುವ ಸ್ಮೃತಿ, ಇವು ಮೂರೂ ಜಾರಿದಾಗ ಮನುಷ್ಯನು ಮಾಡುವ ಕೆಲಸವೇ ಪ್ರಜ್ಞಾಪರಾಧವು. ತನಗೆ ಆಗದೆಂದು ಬಲ್ಲನು, ಆದರೂ ತಿನ್ನುವನು. ಕಳೆದ ಬಾರಿ ನರಳಿದುದನ್ನು ಬಲ್ಲನು, ಆದರೂ ಮರೆಯುವನು. ಇಲ್ಲಿ ಕೆಟ್ಟುದು ಹೊಟ್ಟೆಯಲ್ಲ, ಅರಿವು. ಶರೀರಕ್ಕೆ ವಾತಾದಿಗಳು ದೋಷಗಳಾಗುವಂತೆ ಮನಸ್ಸಿಗೆ ರಜಸ್ಸು ತಮಸ್ಸುಗಳು ದೋಷಗಳೆಂದು ಅದೇ ಶಾಸ್ತ್ರವು ಹೇಳುವುದು. ಭಗವದ್ಗೀತೆಯನ್ನು ಓದಿದವರಿಗೆ ಈ ಮಾತು ಹೊಸದಲ್ಲ. ಹೀಗೆ ವೈದ್ಯಶಾಸ್ತ್ರವು ತಾನಾಗಿಯೇ ನಡೆದು ಬಂದು ಧರ್ಮದ ಹೊಸ್ತಿಲನ್ನು ಮುಟ್ಟುವುದು.

ಹೊಸ್ತಿಲನ್ನು ದಾಟಿದ ಮೇಲೆ ಮಾಡತಕ್ಕದ್ದೇನು? ಇಂದ್ರಿಯಗಳನ್ನು ಅಡಗಿಸಬೇಕೆ, ಬಿಟ್ಟುಬಿಡಬೇಕೆ? ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಹಸಿವು, ನೀರಡಿಕೆ, ನಿದ್ರೆ, ಕಣ್ಣೀರು, ಸೀನು, ಆಕಳಿಕೆ, ಮಲಮೂತ್ರಗಳು, ದುಡಿದು ಬಂದ ಏದುಸಿರು ಮೊದಲಾದ ಹದಿಮೂರು ವೇಗಗಳನ್ನು ಎಣಿಸಿ, ಇವನ್ನು ತಡೆಯಲಾಗದು, ತಡೆದರೆ ರೋಗವೆಂದು ಅಲ್ಲಿ ವಿಧಿಸಿದೆ. ಅನಂತರ ಮತ್ತೊಂದು ಪಟ್ಟಿಯನ್ನು ಕೊಟ್ಟು, ಇವನ್ನು ತಡೆಯಲೇಬೇಕೆಂದು ಹೇಳಿದೆ. ಲೋಭ, ಭಯ, ಕ್ರೋಧ, ದುರಭಿಮಾನ, ಅಸೂಯೆ, ಅತಿಯಾದ ಮೋಹ ಇವು ಮನಸ್ಸಿನ ವೇಗಗಳು. ಬಿರುನುಡಿ, ಚಾಡಿ, ಸುಳ್ಳು ಇವು ಮಾತಿನ ವೇಗಗಳು. ಪರಹಿಂಸೆ, ಕಳವು, ಪರಸ್ತ್ರೀಗಮನ ಇವು ದೇಹದ ವೇಗಗಳು. ಈ ಎರಡನೆಯ ಪಟ್ಟಿಯನ್ನು, ಅಂತರಂಗ ಬಹಿರಂಗ ಶುದ್ಧಿಗಾಗಿ ಬಸವಣ್ಣನವರು ವಿಧಿಸಿದ ಸಪ್ತಶೀಲಗಳ ಪಕ್ಕದಲ್ಲಿಟ್ಟು ನೋಡಿರಿ. ಕಳವು, ಹಿಂಸೆ, ಸುಳ್ಳು, ಕೋಪ, ತನ್ನ ಹಿರಿಮೆಯ ಗರ್ವ, ಪರನಿಂದೆ ಇವು ಎರಡರಲ್ಲಿಯೂ ಉಂಟು. ಒಬ್ಬರು ವೈದ್ಯರು, ಒಬ್ಬರು ಶರಣರು. ಒಬ್ಬರು ದೇಹವನ್ನು ಉಳಿಸಹೊರಟವರು, ಒಬ್ಬರು ದೇವರನ್ನು ಒಲಿಸಹೊರಟವರು. ಇಬ್ಬರೂ ತಡೆಯಬೇಕೆಂದುದು ಹಸಿವನ್ನಲ್ಲ, ದುರಾಸೆಯನ್ನು, ನಿದ್ರೆಯನ್ನಲ್ಲ, ದ್ವೇಷವನ್ನು.

ನಮ್ಮಲ್ಲಿ ಅನೇಕರ ಆಚರಣೆಯು ಇದಕ್ಕೆ ತಲೆಕೆಳಗಾಗಿದೆ. ಹಸಿವನ್ನು ತಡೆದು ವ್ರತವೆನ್ನುವೆವು. ವ್ರತದ ದಿನವೇ ಸೊಸೆಯ ಮೇಲೆ ಬಿರುನುಡಿಗಳನ್ನು ಸುರಿಸುವೆವು. ನಿದ್ರೆಯನ್ನು ಕೆಡಿಸಿಕೊಂಡು ಜಾಗರಣೆಯೆನ್ನುವೆವು. ಜಾಗರಣೆಯಲ್ಲಿ ಕುಳಿತು ನೆರೆಮನೆಯವರ ನಿಂದೆಯನ್ನು ಮಾಡುವೆವು. ತಡೆಯಬಾರದುದನ್ನು ತಡೆದೆವು, ತಡೆಯಬೇಕಾದುದನ್ನು ಬಿಟ್ಟೆವು. ದೇಹವನ್ನು ಕರ್ಶನಗೊಳಿಸುವ ಘೋರತಪಸ್ಸನ್ನು ಗೀತಾಚಾರ್ಯನು ಹೊಗಳಲಿಲ್ಲ, ಆಸುರವೆಂದು ನಿರಾಕರಿಸಿದನು. ಅತಿಯಾಗಿ ಉಣ್ಣುವವನಿಗೂ ಉಣ್ಣದೆಯೇ ಇರುವವನಿಗೂ, ಅತಿನಿದ್ರೆಯವನಿಗೂ ನಿದ್ರೆಗೆಟ್ಟವನಿಗೂ ಯೋಗವಿಲ್ಲವೆಂದು ಹೇಳಿದನು.

ಇಂದ್ರಿಯನಿಗ್ರಹವೆಂಬ ಮಾತಿಗೆ ಸರಿಯಾದ ಅರ್ಥವನ್ನು ನಮ್ಮ ನೆರೆಯಲ್ಲಿಯೇ ಕಾಣಬಹುದು. ಗಂಗಾಧರೇಶ್ವರನ ಗುಡಿಯಿಂದಲೂ ವಸುಧೇಂದ್ರತೀರ್ಥರ ವೃಂದಾವನದಿಂದಲೂ ಪಾವನವಾದ ಈ ಕೆಂಚನಗುಡ್ಡದ ಸೀಮೆಯಲ್ಲಿ ವಿಜಯನಗರದರಸರ ಕಾಲದಿಂದ ಬಂದ ಅಣೆಗಳ ನೀರು ಸಿರುಗುಪ್ಪ, ದೇಶನೂರು ಕಾಲುವೆಗಳಲ್ಲಿ ಹರಿಯುತ್ತಿರುವುದನ್ನು ತಾವೆಲ್ಲರೂ ಕಂಡಿರುವಿರಿ. ಆ ಕಾಲದ ಅಣೆಯು ಹೊಳೆಯನ್ನು ನಿಲ್ಲಿಸಿಬಿಡುವ ಗೋಡೆಯಲ್ಲ. ತಗ್ಗಾದ ಕಲ್ಲಿನ ಕಟ್ಟೆ; ಪ್ರವಾಹ ಬಂದಾಗ ನೀರು ಅದರ ಮೇಲೆಯೇ ಹಾದುಹೋಗುವುದು. ಅದು ಮಾಡುವ ಕೆಲಸವಿಷ್ಟೇ: ಹರಿಯುವ ನೀರನ್ನು ಒಂದಿಷ್ಟು ಎತ್ತರಿಸಿ, ಕಾಲುವೆಯ ಬಾಯಿಗೆ ತಿರುಗಿಸುವುದು. ಹೊಳೆಯೂ ಹರಿಯಿತು, ಹೊಲವೂ ನೆನೆಯಿತು. ಶರಣರು ಇಂದ್ರಿಯಗಳಿಗೆ ಕಟ್ಟಿದುದು ಇಂಥ ಅಣೆಯನ್ನು. ಕಣ್ಣು ಕಾಣಬಾರದೆನ್ನಲಿಲ್ಲ, ನಾಲಗೆ ಸವಿಯಬಾರದೆನ್ನಲಿಲ್ಲ. ಕಂಡ ರೂಪವನ್ನೂ ಸವಿದ ರುಚಿಯನ್ನೂ ಮೊದಲು ಲಿಂಗಕ್ಕೆ ತಿರುಗಿಸೆಂದರು. ಇದಕ್ಕೇ ಅರ್ಪಣವೆಂದು ಹೆಸರು.

ಈಗ ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲವನ್ನು ನೆನೆಯಿರಿ. ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಮೆಟ್ಟಿಲುಗಳಲ್ಲಿ ಪ್ರಸಾದಿಯನ್ನು ದಾಟದೆ ಪ್ರಾಣಲಿಂಗಿಯಾಗುವಂತಿಲ್ಲ. ಉಣ್ಣುವ ಕ್ರಮವನ್ನು ತಿದ್ದಿಕೊಳ್ಳದವನಿಗೆ ಪ್ರಾಣದ ಮರ್ಮವು ತಿಳಿಯದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯವಸ್ಥೆ ಬೇಕೆ? ಆಹಾರವು ಶುದ್ಧವಾದರೆ ಸತ್ತ್ವವು ಶುದ್ಧವಾಗುವುದೆಂದು ಛಾಂದೋಗ್ಯೋಪನಿಷತ್ತು ಬೋಧಿಸಿದುದನ್ನೇ ನಮ್ಮವರು ಎಡೆಯ ಮುಂದೆ ಕುಳಿತು ಆಚರಿಸಿ ತೋರಿಸಿದರು. ಬಡಿಸಿದ ಅನ್ನವು ಪದಾರ್ಥ. ಲಿಂಗಕ್ಕೆ ಅರ್ಪಿತವಾಗಿ ಹಿಂತಿರುಗಿ ಬಂದುದು ಪ್ರಸಾದ. ಇಲ್ಲಿ ಬದಲಾದುದು ಅನ್ನವೆ? ಅನ್ನವು ಅನ್ನವೇ. ಬದಲಾದವನು ಉಣ್ಣುವವನು. ಆತುರದ ಕೈಯು ಒಂದು ಕ್ಷಣ ನಿಂತಿತು. ಇದು ನನಗೆಷ್ಟು ಬೇಕು, ಬೆಳೆದವನು ಯಾರು, ಅಟ್ಟವಳು ಯಾರು, ಇನ್ನೂ ಉಣ್ಣದವನು ಯಾರು ಎಂಬ ನೆನಪು ಬಂದಿತು. ಜಾರಿಹೋಗಿದ್ದ ಬುದ್ಧಿ, ಧೃತಿ, ಸ್ಮೃತಿಗಳು ಆ ಒಂದು ಕ್ಷಣದಲ್ಲಿ ತಮ್ಮ ಸ್ಥಾನಕ್ಕೆ ಮರಳಿದುವು. ಪ್ರಜ್ಞಾಪರಾಧವೆಂಬ ರೋಗಮೂಲಕ್ಕೆ ಅರ್ಪಣವೇ ಮದ್ದೆಂದು ನಾನು ಹೇಳುವುದು ಈ ಕಾರಣದಿಂದ. ಇಂದಿನ ನನ್ನ ಮಾತಿನ ತಿರುಳೂ ಇಷ್ಟೇ.

ಆದರೆ ಪ್ರಸಾದವೆಂಬ ಮಾತನ್ನು ಹಿಡಿದು ಅಳತೆಯನ್ನು ಮೀರುವ ಅಭ್ಯಾಸವೂ ನಮ್ಮಲ್ಲಿ ಬೆಳೆದಿದೆ. ಕುರುಗೋಡಿನ ದೊಡ್ಡಬಸವೇಶ್ವರನ ತೇರಾಗಲಿ, ನಮ್ಮ ಶ್ರೀಮಠದ ಉತ್ಸವವಾಗಲಿ, ಪಂಕ್ತಿಯಲ್ಲಿ ಕುಳಿತವನು ಸಾಕೆಂದು ಕೈಯಡ್ಡ ಹಿಡಿದರೂ ಬಡಿಸುವವರು ಬಿಡುವುದಿಲ್ಲ. "ಪ್ರಸಾದವನ್ನು ಬೇಡವೆನ್ನಬಹುದೆ, ಅಣ್ಣ?" ಎಂದು ಗೋಧಿಯ ಹುಗ್ಗಿಯ ಮೇಲೆ ಇನ್ನೊಂದು ಸೌಟು ಹುಗ್ಗಿಯನ್ನೂ ಅದರ ಮೇಲೆ ತುಪ್ಪವನ್ನೂ ಸುರಿಯುವರು. ಕೆಲ್ಲಬಾರದು, ಪ್ರಸಾದವಲ್ಲವೆ, ಆದುದರಿಂದ ಅವನು ಉಣ್ಣುವನು, ಉಂಡು ನರಳುವನು. ವಾಗ್ಭಟಾಚಾರ್ಯರು ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ, ಎರಡು ಪಾಲು ಅನ್ನಕ್ಕೂ ಒಂದು ಪಾಲು ನೀರಿಗೂ ಕೊಟ್ಟು, ಉಳಿದುದನ್ನು ವಾಯುವಿನ ಸಂಚಾರಕ್ಕೆ ತೆರವಾಗಿ ಬಿಡಬೇಕೆಂದರು. ಆ ತೆರವಾದ ಪಾಲೂ ಲಿಂಗದ್ದೇ ಎಂದು ನಾವು ತಿಳಿಯಬೇಕು. ಪ್ರಸಾದವನ್ನು ಕೆಲ್ಲಬಾರದೆಂಬ ನಿಯಮದ ನಿಜವಾದ ಅರ್ಥವು ಬಡಿಸಿದುದನ್ನೆಲ್ಲ ನುಂಗೆಂಬುದಲ್ಲ, ಉಣ್ಣುವಷ್ಟನ್ನೇ ಬಡಿಸಿಕೊಳ್ಳೆಂಬುದು. ಹೆಚ್ಚಾಗಿ ಬಡಿಸಿಕೊಂಡು ಚೆಲ್ಲುವವನೂ, ಹೆಚ್ಚಾಗಿ ಬಡಿಸಿಕೊಂಡು ನುಂಗುವವನೂ ಹಸಿದ ಮತ್ತೊಬ್ಬನ ಪಾಲನ್ನು ಕೆಡಿಸಿದವರೇ ಸರಿ.

ಈ ಮಾತನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಈ ಸೀಮೆಯಲ್ಲಿ ಮಧುಮೇಹವು ಮನೆಮನೆಯ ಮಾತಾಗಿದೆ. ಹಿಂದೆ ಇಲ್ಲಿಯವರ ಉಣಿಸು ಜೋಳದ ರೊಟ್ಟಿ, ನವಣೆಯ ಅನ್ನ, ಸಜ್ಜೆ, ಕಾಳುಪಲ್ಯಗಳು. ದುಡಿಮೆಯಾದರೋ ಬೆಳಗಿನಿಂದ ಬೈಗಿನವರೆಗೆ ಹೊಲದಲ್ಲಿ. ನೀರಾವರಿಯೊಡನೆ ಬತ್ತವು ಬಂದಿತು. ಗಿರಣಿಯಲ್ಲಿ ತೌಡನ್ನೆಲ್ಲ ತೆಗೆದ ಬಿಳಿಯ ಅಕ್ಕಿಯು ಮೂರು ಹೊತ್ತಿನ ಅನ್ನವಾಯಿತು. ಯಂತ್ರಗಳು ಬಂದು ಮೈದುಡಿಮೆಯು ತಗ್ಗಿತು. ಅನ್ನವೊಂದೇ ಈ ರೋಗಕ್ಕೆ ಹೊಣೆಯೆಂದು ನಾನು ಹೇಳುತ್ತಿಲ್ಲ. ವಂಶದಿಂದ ಬರುವುದೂ ಉಂಟು, ವಯಸ್ಸಿನಿಂದ ಬರುವುದೂ ಉಂಟು. ಎಳೆಯ ಮಕ್ಕಳಿಗೆ ಅವರದೇನೂ ತಪ್ಪಿಲ್ಲದೆ ಬರುವ ಬಗೆಯೂ ಒಂದುಂಟು. ಆದರೆ ಉಣಿಸು ಹೆಚ್ಚಿ ದುಡಿಮೆ ತಗ್ಗಿದಲ್ಲಿ ಈ ರೋಗವು ಬೆಳೆಯುವುದೆಂಬುದನ್ನು ಇಂದಿನ ವೈದ್ಯವಿಜ್ಞಾನವೂ ಒಪ್ಪುವುದು.

ಪ್ರಾಚೀನರು ಪ್ರಮೇಹವನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿ ಮಧುಮೇಹವನ್ನು ಅದರಲ್ಲಿ ಸೇರಿಸಿದರು. ಕುಳಿತ ಸುಖ, ಮಲಗಿದ ಸುಖ, ಮೊಸರು, ಹೊಸ ಧಾನ್ಯದ ಅನ್ನ, ಬೆಲ್ಲದ ಭಕ್ಷ್ಯಗಳು, ಇವುಗಳ ಅತಿಯಾದ ಸೇವನೆಯೇ ಅದಕ್ಕೆ ಕಾರಣವೆಂದು ಚರಕರು ಎಣಿಸಿದರು. ಜವೆಗೋಧಿಯನ್ನು ಪಥ್ಯವಾಗಿ ಹೇಳಿದರು. ಸುಶ್ರುತರು ಸಾಮೆ, ಹಾರಕಗಳಂಥ ಕಿರುಧಾನ್ಯಗಳನ್ನು ಹೇಳಿದರು. ಇದಕ್ಕಿಂತಲೂ ಸ್ವಾರಸ್ಯವಾದ ಮಾತೊಂದು ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿದೆ. ಹಣವೂ ಬಂಧುಬಳಗವೂ ಇಲ್ಲದ ಪ್ರಮೇಹಿಯು ಏನು ಮಾಡಬೇಕೆಂಬುದನ್ನು ಅಲ್ಲಿ ಹೇಳಿದೆ: ಅವನು ಕಾಲಿಗೆ ಮೆಟ್ಟಿಲ್ಲದೆ, ತಲೆಗೆ ಕೊಡೆಯಿಲ್ಲದೆ, ಭಿಕ್ಷಾನ್ನವನ್ನುಣ್ಣುತ್ತ ನೂರು ಯೋಜನ ನಡೆಯಲಿ, ಗೋವುಗಳ ಹಿಂದೆ ತಿರುಗಲಿ, ಇಲ್ಲವೆ ಬಾವಿಯನ್ನು ತೋಡಲಿ. ಬಾವಿಯನ್ನು ತೋಡುವುದು! ತೋಡಿದವನ ರೋಗವು ಶಮನವಾಯಿತು, ಊರಿನ ಬಾಯಾರಿಕೆಯೂ ಶಮನವಾಯಿತು. ಇದಕ್ಕೆ ನಾವು ಬೇರೆ ಹೆಸರನ್ನು ಹುಡುಕಬೇಕಾದುದಿಲ್ಲ; ಕಾಯಕವೆಂಬ ಹೆಸರು ಆಗಲೇ ಇದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕಕ್ಕೂ ದಾಸೋಹಕ್ಕೂ ಕೊಟ್ಟ ಸ್ಥಾನವು ದೇಹಧರ್ಮಕ್ಕೂ ಸಲ್ಲುವುದೆಂಬುದು ಇದರಿಂದ ತಿಳಿಯುವುದು. ದುಡಿಯದೆ ಉಣ್ಣುವುದು ಸಮಾಜಕ್ಕೆ ಸಾಲವು, ಶರೀರಕ್ಕೆ ಭಾರವು.

ಇಲ್ಲಿ ತಾವು ಅನ್ಯಥಾ ತಿಳಿಯಬಾರದು. ಬರಿಗಾಲಿನಲ್ಲಿ ನಡೆಯುವ ಮಾತು ಅಂದಿನ ಕಾಲಕ್ಕೆ ಸಂದುದು. ಮಧುಮೇಹದಲ್ಲಿ ಕಾಲಿನ ಸ್ಪರ್ಶಜ್ಞಾನವು ಕುಂದುವುದರಿಂದ ಸಣ್ಣ ಗಾಯವೂ ದೊಡ್ಡ ಹುಣ್ಣಾಗುವುದೆಂಬುದನ್ನು ಇಂದು ಬಲ್ಲೆವು. ಆದುದರಿಂದ ಈ ರೋಗಿಯು ಪಾದಯಾತ್ರೆಗೆ ಹೊರಟರೂ ಮೆಟ್ಟಿಕೊಂಡೇ ನಡೆಯತಕ್ಕದ್ದು. ಇನ್‌ಸುಲಿನ್ ಚುಚ್ಚುಮದ್ದನ್ನು ವೈದ್ಯನು ವಿಧಿಸಿರುವಲ್ಲಿ ಹರಕೆಯನ್ನು ಹೊತ್ತೆನೆಂದಾಗಲಿ, ಬೇರಿನ ಕಷಾಯವು ದೊರಕಿತೆಂದಾಗಲಿ ಅದನ್ನು ತಾನಾಗಿಯೇ ನಿಲ್ಲಿಸಿಬಿಡುವುದು ಪ್ರಾಣಕ್ಕೆ ಅಪಾಯವು. ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳಿರಿ, ಅಲ್ಲಿ ಬರೆದ ಅಂಕೆಯು ಸುಳ್ಳು ಸ್ತುತಿಯನ್ನು ಮಾಡುವುದಿಲ್ಲ. ಬೀದಿಯಲ್ಲಿ ಮಾರುವ ಹೆಸರಿಲ್ಲದ ಭಸ್ಮಗಳಲ್ಲಿ ಪಾದರಸ, ಸೀಸಗಳಿರಬಹುದಾದುದರಿಂದ ಅವುಗಳ ವಿಷಯದಲ್ಲಿ ಎಚ್ಚರವಾಗಿರಿ. ಆಯುರ್ವೇದದ ಮೇಲಿನ ಗೌರವವು ಅದರ ಹೆಸರಿನಲ್ಲಿ ನಡೆಯುವ ಎಲ್ಲ ವ್ಯಾಪಾರದ ಮೇಲಿನ ನಂಬಿಕೆಯಾಗಬೇಕಾದುದಿಲ್ಲ.

ಹಾಗಾದರೆ ವಿಭೂತಿಗೂ ಮಂತ್ರಕ್ಕೂ ಸ್ಥಾನವಿಲ್ಲವೆ ಎಂದು ಯಾರಾದರೂ ಕೇಳಬಹುದು. ಸ್ಥಾನವಿದೆ, ಅದನ್ನು ಚರಕರೇ ಗೊತ್ತುಮಾಡಿದ್ದಾರೆ. ಚಿಕಿತ್ಸೆಯು ಮೂರು ಬಗೆ. ಮಂತ್ರ, ನಿಯಮ, ನಮಸ್ಕಾರಾದಿಗಳಿಂದ ನಡೆಯುವುದು ದೈವವ್ಯಪಾಶ್ರಯ. ಆಹಾರ ಔಷಧಗಳ ಯೋಜನೆಯಿಂದ ನಡೆಯುವುದು ಯುಕ್ತಿವ್ಯಪಾಶ್ರಯ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆದು ಗೆಲ್ಲುವುದು ಸತ್ತ್ವಾವಜಯ. ಇವು ಒಂದಕ್ಕೊಂದು ಸವತಿಯರಲ್ಲ. ಭಯಗೊಂಡ ರೋಗಿಯ ಹಣೆಗೆ ಗುರುಹಸ್ತದಿಂದ ವಿಭೂತಿ ಬಿದ್ದಾಗ ಅವನ ಎದೆಗೆ ಬರುವ ಧೈರ್ಯವು ಸಣ್ಣದಲ್ಲ. ಆ ಧೈರ್ಯವು ಅವನನ್ನು ವೈದ್ಯನ ಮನೆಗೆ ನಡೆಯಿಸಬೇಕೇ ಹೊರತು ಅಲ್ಲಿಂದ ಬಿಡಿಸಬಾರದು. ವೈದ್ಯ, ಔಷಧ, ಉಪಚಾರಕ, ರೋಗಿ ಈ ನಾಲ್ಕೂ ಸೇರಿದಾಗಲೇ ಚಿಕಿತ್ಸೆಯು ಸಿದ್ಧಿಸುವುದೆಂದು ಶಾಸ್ತ್ರವಿರಲು ಒಂದು ಕಾಲನ್ನು ಮುರಿದು ಮಂಚವನ್ನು ನಿಲ್ಲಿಸುವೆನೆಂಬುದು ಸರಿಯಲ್ಲ.

ನಮ್ಮ ಸಂಪ್ರದಾಯವೂ ವೈದ್ಯವನ್ನು ದೂರವಿಡಲಿಲ್ಲ. ವೈದ್ಯ ಸಂಗಣ್ಣನವರು ಶರಣರಲ್ಲಿ ಒಬ್ಬರು; ತಮ್ಮ ಕಾಯಕದ ಮಾತುಗಳನ್ನೇ ವಚನಗಳಲ್ಲಿ ಬಳಸಿ ಭವರೋಗವನ್ನು ಕುರಿತು ಹೇಳಿದವರು. ಆಂಧ್ರದೇಶದ ವೀರಶೈವ ವೈದ್ಯ ಬಸವರಾಜನ ಬಸವರಾಜೀಯವೆಂಬ ಗ್ರಂಥವನ್ನು ಇಂದಿಗೂ ಆಯುರ್ವೇದದ ಪ್ರಮಾಣಗ್ರಂಥಗಳಲ್ಲಿ ಎಣಿಸುವರು. ಹೊಳೆಯ ಆಚೆಯ ಕೊಪ್ಪಳದಲ್ಲಿ ಗವಿಸಿದ್ಧೇಶ್ವರ ಸ್ವಾಮಿಯ ಹೆಸರಿನಲ್ಲಿ ಆಯುರ್ವೇದ ಮಹಾವಿದ್ಯಾಲಯವು ನಡೆಯುತ್ತಿದೆ. ನಮ್ಮ ಹೊಳೆಯ ಕೆಳಹರಿವಿನಲ್ಲಿ, ತುಂಗಭದ್ರಾ ಎಂಬ ಗ್ರಾಮದ ಬಳಿಯಲ್ಲಿ, ಪಂಡಿತ ತಾರಾನಾಥರು ಪ್ರೇಮಾಯತನವೆಂಬ ಆಶ್ರಮವನ್ನು ಸ್ಥಾಪಿಸಿದ್ದರು. 1891ರಲ್ಲಿ ಜನಿಸಿ 1942ರಲ್ಲಿ ದೇಹವಿಟ್ಟ ಆ ಮಹನೀಯರು ಧರ್ಮಜಿಜ್ಞಾಸುಗಳೂ ಹೌದು, ಪ್ರಸಿದ್ಧ ವೈದ್ಯರೂ ಹೌದು. ಅವರ ಆಶ್ರಮದಲ್ಲಿ ಸಾಧನೆಗೂ ಚಿಕಿತ್ಸೆಗೂ ನಡುವೆ ಗೋಡೆಯಿರಲಿಲ್ಲ. ಬಳ್ಳಾರಿಯ ಸರಕಾರಿ ಆಯುರ್ವೇದ ಮಹಾವಿದ್ಯಾಲಯವು ಇಂದು ಅವರ ಹೆಸರನ್ನು ಹೊತ್ತಿದೆ. ಆದುದರಿಂದ ನಾನು ಹೇಳುತ್ತಿರುವುದು ಹೊಸ ಮತವಲ್ಲ. ಈ ನೀರಿನ ಗುಣವೇ ಅದು.

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾರೆನು. ರೋಗವು ಪ್ರಜ್ಞಾಪರಾಧದಿಂದ ಹುಟ್ಟುವುದೆಂದು ಕೇಳಿದವರು ರೋಗಿಯನ್ನು ಕಂಡಾಗ "ಇವನು ಮಾಡಿದುದನ್ನು ಇವನು ಉಣ್ಣುತ್ತಿದ್ದಾನೆ" ಎಂದುಕೊಳ್ಳಬಾರದು. ಋತುವೈಷಮ್ಯದಿಂದಲೂ ಹುಟ್ಟಿನಿಂದಲೂ ಆಘಾತದಿಂದಲೂ ರೋಗವು ಬರುವುದು. ಗಾಳಿ, ನೀರು, ನೆಲ, ಕಾಲ ಇವು ನಾಲ್ಕೂ ಕೆಟ್ಟಾಗ ನಾಡಿಗೆ ನಾಡೇ ಒಮ್ಮೆಗೆ ನರಳುವುದನ್ನು ಚರಕರು ಜನಪದೋದ್ಧ್ವಂಸವೆಂಬ ಪ್ರಕರಣದಲ್ಲಿ ವಿವರಿಸಿದರು. 1918ರ ವಿಷಮಶೀತಜ್ವರವನ್ನೂ 2020ರಲ್ಲಿ ಹರಡಿದ ಕೋವಿಡನ್ನೂ ನೆನೆಯಿರಿ. ಅಲ್ಲಿ ಸತ್ತವರೆಲ್ಲರೂ ತಪ್ಪಿತಸ್ಥರೆ? ಅಂಥ ಕಾಲದಲ್ಲಿ ಒಬ್ಬನ ದೇಹದ ಸಮತೆಯು ಅವನೊಬ್ಬನ ಕೈಯಲ್ಲಿಲ್ಲ. ನೆರೆಯವನು ಕುಡಿಯುವ ನೀರನ್ನು ನಾನು ಕೆಡಿಸದಿರುವುದೂ, ಹಾಸಿಗೆ ಹಿಡಿದವನಿಗೆ ಗಂಜಿಯನ್ನು ಕಾಸಿ ಕೊಡುವುದೂ ನನ್ನ ಆರೋಗ್ಯಧರ್ಮದೊಳಗೇ ಸೇರಿವೆ. ಪ್ರಸಾದವು ಒಳಗಿನ ಸಮತೆಯಾದರೆ ದಾಸೋಹವು ಹೊರಗಿನ ಸಮತೆ. ಒಂದು ಮನೆಯಲ್ಲಿ ಅಜೀರ್ಣ, ಪಕ್ಕದ ಮನೆಯಲ್ಲಿ ಹಸಿವು ಇದ್ದರೆ ಆ ಊರನ್ನು ಸ್ವಸ್ಥವೆನ್ನಲಾಗದು.

ಧರ್ಮ, ಅರ್ಥ, ಕಾಮ, ಮೋಕ್ಷಗಳೆಂಬ ನಾಲ್ಕಕ್ಕೂ ಆರೋಗ್ಯವೇ ಮೂಲವೆಂದು ಶಾಸ್ತ್ರವು ಹೇಳುವುದು. ಮೂಲವೆಂದಿತೇ ಹೊರತು ಫಲವೆನ್ನಲಿಲ್ಲ. ಎಷ್ಟು ಸಮವಾಗಿ ಕಾಪಾಡಿದರೂ ಈ ದೇಹವು ಒಂದು ದಿನ ಬೀಳತಕ್ಕದ್ದೇ. ಶರೀರವನ್ನೇ ದೇವಾಲಯವಾಗಿ ಭಾವಿಸಿದ ಬಸವಣ್ಣನವರು ಅದು ಸ್ಥಿರವೆಂದು ನಂಬಿ ಹಾಗೆ ಭಾವಿಸಲಿಲ್ಲ. ಗುಡಿಯನ್ನು ಗುಡಿಸಿ ಸಾರಿಸುವುದು ಗುಡಿಗಾಗಿಯಲ್ಲ, ಒಳಗಿರುವ ದೇವರಿಗಾಗಿ. ಎಡಗೈಯ ಮೇಲೆ ಇಷ್ಟಲಿಂಗವನ್ನಿರಿಸಿಕೊಂಡು ಕುಳಿತಾಗ ಬೆನ್ನು ನೆಟ್ಟಗಿರಬೇಕು, ಉಸಿರು ಸಮವಾಗಿರಬೇಕು, ಕಣ್ಣು ನಿಲ್ಲಬೇಕು; ಅಜೀರ್ಣದಿಂದ ತೂಕಡಿಸುವವನಿಗೂ ಉಪವಾಸದಿಂದ ತಲೆಸುತ್ತುವವನಿಗೂ ಅದು ಸಾಧ್ಯವೆ? ಅಂಗವು ಸಮವಾದಲ್ಲಿ ಲಿಂಗಕ್ಕೆ ಪೀಠವು ಸಿದ್ಧವಾಯಿತು. ಅಷ್ಟು ಸಾಕು.

ಈ ಮಹೋತ್ಸವದ ಸ್ಮರಣಾರ್ಥವಾಗಿ ಶ್ರೀಸನ್ನಿಧಿಯಲ್ಲಿಯೂ ಭಕ್ತಮಹಾಜನರಲ್ಲಿಯೂ ಮೂರು ವಿಜ್ಞಾಪನೆಗಳನ್ನು ಮಾಡಿಕೊಳ್ಳುವೆನು. ಶ್ರೀಮಠದ ದಾಸೋಹದಲ್ಲಿ ವಾರದಲ್ಲಿ ಕೆಲವು ದಿನಗಳಾದರೂ ಈ ನೆಲದ ಜೋಳಕ್ಕೂ ನವಣೆಗೂ ಮರಳಿ ಸ್ಥಾನವು ದೊರೆಯಲಿ. ಮಠದಲ್ಲಿ ಉಂಡುದನ್ನು ಮನೆಯಲ್ಲಿಯೂ ಅಡುವರು. ಬಡಿಸುವವರು ಕೇಳಿ ಬಡಿಸಲಿ, ಸಾಕೆಂದವನ ಮಾತನ್ನು ಗುರುವಾಕ್ಯದಂತೆ ಮನ್ನಿಸಲಿ. ತಿಂಗಳಿಗೊಮ್ಮೆ, ಅಮಾವಾಸ್ಯೆಗೆ ಭಕ್ತರು ಸೇರುವ ದಿನ, ಆಯುರ್ವೇದದ ವೈದ್ಯರೊಬ್ಬರೂ ಆಸ್ಪತ್ರೆಯ ವೈದ್ಯರೊಬ್ಬರೂ ಮಠದ ಪಡಸಾಲೆಯಲ್ಲಿ ಕುಳಿತು ಬಡಬಗ್ಗರನ್ನು ನೋಡುವ ಏರ್ಪಾಡಾಗಲಿ; ಗುರುದರ್ಶನವನ್ನು ಪಡೆದವನು ವೈದ್ಯದರ್ಶನವನ್ನೂ ಪಡೆದೇ ಊರಿಗೆ ಹೋಗುವಂತಾಗಲಿ. ಇವಕ್ಕೆ ಹೆಚ್ಚಿನ ದ್ರವ್ಯವು ಬೇಡ, ಮನಸ್ಸು ಬೇಕು.

ತುಂಗಭದ್ರೆಯು ತನ್ನ ದಡಗಳನ್ನು ಮೀರದೆ, ಬತ್ತದೆ ಹರಿಯಲಿ. ಶ್ರೀಮಠದ ಒಲೆಯು ಆರದಿರಲಿ, ಅದರ ಎಡೆಯಲ್ಲಿ ಕುಳಿತವರಾರೂ ಹಸಿದೂ ಏಳದೆ ನರಳಿಯೂ ಏಳದೆ ತೃಪ್ತರಾಗಿ ಏಳಲಿ ಎಂದು ಪ್ರಾರ್ಥಿಸಿ, ಈ ಅಲ್ಪಸೇವೆಯನ್ನು ಶ್ರೀಗುರುಚರಣಗಳಲ್ಲಿ ಸಮರ್ಪಿಸಿ ವಿರಮಿಸುವೆನು.